ಗೌರವಧನ ಮತ್ತು ಗೌರವ

ನಮಸ್ಕಾರ ಕೇಳುಗರೇ.

ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವ ಗಾದೆ ನಿಮಗೆ ಗೊತ್ತು. ಸೇವಾ ಸಂಸ್ಥೆಗಳಲ್ಲಿ ಹದಿನಾಲ್ಕು ವರ್ಷ ದುಡಿದ ನನಗೆ ಅದು ಎಷ್ಟೋ ಸಲ ನೆನಪಾಗಿದೆ. ನಾನು ಮೊದಲು ಸೇರಿದ ಕಡೆ ಸಂಬಳಕ್ಕೆ ಗೌರವಧನ ಅನ್ನುತ್ತಿದ್ದರು. ಅದು ಮೂರು ತಿಂಗಳು ಬಾರದೇ ಇದ್ದಾಗ ಕಾರ್ಯಕರ್ತೆಯೊಬ್ಬಳು ಬಾಯಿಬಿಟ್ಟು ಕೇಳಿದಳು. "ಇದು ಸೇವೆ ಕಣಮ್ಮಾ, ವ್ಯಾಪಾರ ಅಲ್ಲ" ಅಂದರು. ಅವಳು ಮತ್ತೆ ಕೇಳಲಿಲ್ಲ. ಆದರೆ ಅಲ್ಲಿಂದ ಮುಂದೆ ಮನೆಮನೆ ಭೇಟಿ ರಿಜಿಸ್ಟರಿನಲ್ಲಿ ಮಾತ್ರ ನಡೆಯಿತು. ಅವಳನ್ನು ಸೋಮಾರಿ ಅಂದವರಿದ್ದಾರೆ. ನನಗೆ ಹಾಗನ್ನಲು ಮನಸ್ಸು ಬರುವುದಿಲ್ಲ.

ಇದೇ ಸೇವೆ ಅನ್ನುವ ಮಾತಿನ ಮೇಲೆ ಮದುರೈಯಲ್ಲಿ ಬೇರೆಯೇ ಒಂದು ಮನೆ ಎದ್ದಿದೆ. ಡಾ. ಜಿ. ವೆಂಕಟಸ್ವಾಮಿ ಸರ್ಕಾರಿ ಕೆಲಸದಿಂದ ನಿವೃತ್ತರಾಗಿ, 1976ರಲ್ಲಿ, ಹನ್ನೊಂದು ಹಾಸಿಗೆಗಳೊಂದಿಗೆ ಅರವಿಂದ್ ಕಣ್ಣಾಸ್ಪತ್ರೆ ಶುರುಮಾಡಿದರು. ಸಂಧಿವಾತದಿಂದ ಅವರ ಬೆರಳುಗಳು ಸೊಟ್ಟಗಾಗಿದ್ದವು; ಆ ಕೈಯಲ್ಲೇ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಅಲ್ಲಿಗೆ ಬರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಚಿಕಿತ್ಸೆ ಉಚಿತ, ಇಲ್ಲವೇ ತೀರ ಕಡಿಮೆ ದರಕ್ಕೆ. ಹೀಗಿದ್ದೂ ಅಲ್ಲಿನ ಒಬ್ಬ ಸರ್ಜನ್ ವರ್ಷಕ್ಕೆ ಎರಡು ಸಾವಿರದಷ್ಟು ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಬೇರೆ ಕಡೆ ಇದರ ಕಾಲುಭಾಗವಾದರೆ ಹೆಚ್ಚು.

ಇದು ಹೇಗಾಯಿತು? ಬೈದು, ಬೆನ್ನುಹತ್ತಿ ಮಾಡಿಸಿದ್ದಲ್ಲ. ಹಳ್ಳಿಗಳಿಂದ ಬಂದ, ಶಾಲೆ ಮುಗಿಸಿದ ಹೆಣ್ಣುಮಕ್ಕಳಿಗೆ ಎರಡು ವರ್ಷ ತರಬೇತಿ ಕೊಡುತ್ತಾರೆ. ದೃಷ್ಟಿ ಪರೀಕ್ಷೆ, ರೋಗಿಯನ್ನು ಸಿದ್ಧಪಡಿಸುವುದು, ಸಲಹೆ ಹೇಳುವುದು ಎಲ್ಲ ಅವರ ಕೈಲಿ. ಡಾಕ್ಟರ ಎದುರು ಎರಡು ಮೇಜು: ಒಂದರ ಮೇಲೆ ಶಸ್ತ್ರಚಿಕಿತ್ಸೆ ನಡೆಯುತ್ತಿದ್ದರೆ ಇನ್ನೊಂದರ ಮೇಲೆ ಮುಂದಿನ ರೋಗಿ ಸಿದ್ಧ. ಯಾರ ಕೈಗೆ ಯಾವ ಕೆಲಸ ಒಗ್ಗುತ್ತದೋ ಅದನ್ನೇ ಕೊಟ್ಟು, ಕಲಿಸಿ, ನಂಬಿ ಬಿಟ್ಟಿದ್ದಾರೆ. ಈ ನಂಬಿಕೆಯನ್ನೇ ನಾನು ಸಂಸ್ಥೆಯ ಸಂಸ್ಕೃತಿ ಅನ್ನುತ್ತೇನೆ. ಗೋಡೆಗೆ ತೂಗುಹಾಕಿದ ಧ್ಯೇಯವಾಕ್ಯವನ್ನಲ್ಲ.

ನಂಬಿಕೆ ಇಲ್ಲದ ಕಡೆ ದೊಡ್ಡ ಹೆಸರೂ ಕಾಯುವುದಿಲ್ಲ. ಲೋಕದ ಮಾನವ ಹಕ್ಕುಗಳಿಗೆ ದನಿಯೆತ್ತುವ ಆಮ್ನೆಸ್ಟಿ ಇಂಟರ್‌ನ್ಯಾಷನಲ್‌ನಲ್ಲಿ 2018ರಲ್ಲಿ ಇಬ್ಬರು ಸಿಬ್ಬಂದಿ ತಮ್ಮ ಜೀವ ತಾವೇ ಕಳೆದುಕೊಂಡರು. ಆಮೇಲೆ ಸಂಸ್ಥೆಯೇ ಹೊರಗಿನವರಿಂದ ವಿಚಾರಣೆ ಮಾಡಿಸಿತು. 2019ರಲ್ಲಿ ಬಂದ ಆ ವರದಿಯಲ್ಲಿ, ಉತ್ತರ ಕೊಟ್ಟ ನೌಕರರ ಪೈಕಿ ಶೇಕಡಾ 39 ಮಂದಿ ಅಲ್ಲಿನ ಕೆಲಸದಿಂದಲೇ ತಮ್ಮ ಮನಸ್ಸಿನ ಅಥವಾ ದೇಹದ ಆರೋಗ್ಯ ಕೆಟ್ಟಿತು ಅಂದಿದ್ದರು. ಪರರ ನೋವು ಅಷ್ಟು ದೊಡ್ಡದಾಗಿ ಕಾಣುವಾಗ ತನ್ನ ನೋವು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನಮ್ಮ ಕ್ಷೇತ್ರದಲ್ಲಿ ಇದ್ದವರಿಗೆ ಈ ನಾಚಿಕೆ ಗೊತ್ತು.

ನಾನು ಎರಡನೆಯದಾಗಿ ಸೇರಿದ್ದು ಒಂದು ಪುಟ್ಟ ಸಂಸ್ಥೆ. ಹಣ ಅಲ್ಲೂ ಕಡಿಮೆಯೇ. ಆದರೆ ಸೋಮವಾರದ ಮೀಟಿಂಗಿನಲ್ಲಿ ಮೊದಲ ಮಾತು ಹಳ್ಳಿ ತಿರುಗುವವರದ್ದು, ಕೊನೆಯ ಮಾತು ಮುಖ್ಯಸ್ಥರದ್ದು. ಮಕ್ಕಳ ತೂಕ ನೋಡುವ ಕೆಲಸ ಏಕೋ ಮುಂದೆ ಸಾಗುತ್ತಿರಲಿಲ್ಲ. "ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ತಾಯಂದಿರು ಕೂಲಿಗೆ ಹೋಗಿರ್ತಾರೆ ಸಾರ್, ಸಂಜೆ ಆರಕ್ಕೆ ಇಡಿ" ಅಂದಳು ಒಬ್ಬಳು. ಮಾರನೆಯ ವಾರದಿಂದ ಸಂಜೆ ಆರಕ್ಕೆ ತಕ್ಕಡಿ ತೂಗುಹಾಕಿದೆವು. ಜಗಲಿ ತುಂಬ ಮಕ್ಕಳು. ಇದು ನಿನಗೆ ಯಾವಾಗ ಹೊಳೆಯಿತಮ್ಮಾ ಅಂತ ಕೇಳಿದೆ. ಹಿಂದಿನ ಸಂಸ್ಥೆಯಲ್ಲಿದ್ದಾಗಲೇ ಗೊತ್ತಿತ್ತು ಅಂದಳು.