ಜಾಕೆಟ್ ಇತ್ತು, ಆದರೂ ಮೇಲೆ ಬರಲಿಲ್ಲ

ಮೊದಲೇ ಹೇಳಿಬಿಡುತ್ತೇನೆ, ನೀರಿಗೆ ಬಿದ್ದವನು ಚೆನ್ನಾಗಿದ್ದಾನೆ. ಮೊನ್ನೆ ತಾನೆ ಅವನ ಮನೆಯಲ್ಲಿ ರೊಟ್ಟಿ ಊಟ ಮಾಡಿ ಬಂದೆ. ಹಾಗಾಗಿ ನಗುವ ಕಡೆ ಧಾರಾಳವಾಗಿ ನಗಿ.

ಗೋವಾದ ವಾಸ್ಕೋದಲ್ಲಿ ಕೆಲಸಕ್ಕಿರುವ ನಾವು ಮೂರು ಜನ ಕನ್ನಡದವರು ಒಂದು ಭಾನುವಾರ ಗಾಳ ಹಾಕೋಣ ಅಂತ ಜುವಾರಿ ನದಿಗೆ ಇಳಿದೆವು. ಸಣ್ಣ ಫೈಬರ್ ದೋಣಿ, ಹಿಂದೆ ಔಟ್‌ಬೋರ್ಡ್ ಎಂಜಿನ್, ನಡೆಸುತ್ತಿದ್ದವರು ಅಲ್ಲಿನವರೇ ಆದ ವಯಸ್ಸಾದ ತಾಂಡೇಲರು. ಗೋವಾದಲ್ಲಿ ಬೇಸಿಗೆ ಹತ್ತಿರವಾದರೆ ಮಧ್ಯಾಹ್ನದ ಮೇಲೆ ಕಡಲ ಗಾಳಿ ಏಳುತ್ತದೆ. ಅದೇ ಹೊತ್ತಿಗೆ ಇಳಿತ ಶುರುವಾಗಿ ನೀರು ಕಡಲ ಕಡೆ ಓಡುತ್ತಿದ್ದರೆ ಗಾಳಿಗೂ ನೀರಿಗೂ ಜಗಳ. ಗಿಡ್ಡ ಗಿಡ್ಡ ಅಲೆ, ದೋಣಿ ಕುಣಿಯುತ್ತದೆ. ಸರಿಯಾಗಿ ಆಗಲೇ ನಮ್ಮ ಹುಬ್ಬಳ್ಳಿ ದೋಸ್ತನಿಗೆ ಒಂದಕ್ಕೆ ಅರ್ಜೆಂಟ್ ಆಯಿತು. "ಲೇ, ಡಬ್ಬಿಯೊಳಗ ಮಾಡೋ" ಅಂದೆ. ಅವನಿಗೆ ಮರ್ಯಾದೆ. ಎದ್ದು ಅಂಚಿಗೆ ನಿಂತ, ಒಂದು ಅಲೆ ಬಂತು, ಮನುಷ್ಯ ಇಲ್ಲ.

ತಾಂಡೇಲರು ಮಾಡಿದ ಮೊದಲ ಕೆಲಸ ನನಗೆ ಆಗ ಅರ್ಥವಾಗಲಿಲ್ಲ. ಅವನು ಬಿದ್ದ ಕಡೆಗೇ ದೋಣಿ ತಿರುಗಿಸಿದರು. ಮೂತಿ ಆ ಕಡೆ ಹೋದರೆ ಹಿಂಭಾಗ ಈ ಕಡೆ ಸರಿಯುತ್ತದೆ, ಅಂದರೆ ಪ್ರೊಪೆಲ್ಲರ್ ಅವನ ಕಾಲಿನಿಂದ ದೂರ. ಆಮೇಲೆ ನನಗೆ ಗದರಿಸಿದರು: ಕೈ ಚಾಚಿ ಅವನನ್ನೇ ತೋರಿಸುತ್ತಿರು, ಕಣ್ಣು ತೆಗೆಯಬೇಡ. ಸುಮ್ನೆ ಹೇಳಿದ್ದಲ್ಲ. ಗಂಟೆಗೆ ಹತ್ತು ಕಿಲೋಮೀಟರ್ ವೇಗದ ದೋಣಿ ಇಪ್ಪತ್ತು ಸೆಕೆಂಡಿನಲ್ಲಿ ಐವತ್ತು ಮೀಟರ್ ದಾಟಿರುತ್ತದೆ. ಅಷ್ಟು ದೂರದಿಂದ ಅಲೆ ನಡುವೆ ತಲೆ ಅನ್ನುವುದು ಒಂದು ತೆಂಗಿನಕಾಯಿ. ಒಂದು ಸಲ ಕಣ್ಣು ತಪ್ಪಿದರೆ ಮತ್ತೆ ಹುಡುಕುತ್ತಾ ಕೂರಬೇಕು.

ಸುತ್ತು ಹಾಕಿ, ಗಾಳಿಗೆ ಎದುರಾಗಿ ನಿಧಾನಕ್ಕೆ ಬಂದು, ಹತ್ತಿರ ಬಂದ ಕೂಡಲೇ ಎಂಜಿನ್ ಬಂದ್. ಎರಡು ನಿಮಿಷವೂ ಆಗಿರಲಿಲ್ಲ. ಲೈಫ್ ಜಾಕೆಟ್ ಹಾಕಿದ್ದ, ಆರಾಮಾಗಿ ತೇಲುತ್ತಿದ್ದ, ನಗುತ್ತಲೂ ಇದ್ದ. ಕಥೆ ಮುಗಿಯಿತು ಅಂದುಕೊಂಡೆವು.

ಅಸಲಿ ಕಥೆ ಶುರುವಾಗಿದ್ದೇ ಅಲ್ಲಿ. ನೀರಿನಿಂದ ದೋಣಿಯ ಅಂಚಿಗೆ ಎಷ್ಟು ಎತ್ತರ? ಎರಡು ಅಡಿ ಇದ್ದರೆ ಹೆಚ್ಚು. ಆ ಎರಡು ಅಡಿ ದಾಟಿಸಲು ನಮ್ಮ ಕೈಲಿ ಆಗಲಿಲ್ಲ! ಬಾವಿಯಿಂದ ಕೊಡ ಎಳೆದವರಿಗೆ ಗೊತ್ತು, ನೀರೊಳಗೆ ಇರುವ ತನಕ ಹಗುರ, ಹೊರಗೆ ಬಂದ ಕೂಡಲೇ ಭಾರ. ಮನುಷ್ಯನೂ ಹಾಗೇ, ಮೇಲಿಂದ ಬಟ್ಟೆ ಕುಡಿದ ನೀರಿನ ಭಾರ ಬೇರೆ. ಜಾಕೆಟ್ ಹಿಡಿದು ಎಳೆದರೆ ಜಾಕೆಟ್ ಮಾತ್ರ ಮೇಲೆ ಬಂತು, ಅವನ ಮುಖ ಅದರೊಳಗೆ ಸಿಕ್ಕಿಕೊಂಡಿತು, ಯಾಕೆಂದರೆ ತೊಡೆ ನಡುವಿನ ಪಟ್ಟಿ ಅದಕ್ಕಿರಲಿಲ್ಲ. ಇಬ್ಬರೂ ಒಂದೇ ಕಡೆ ಬಗ್ಗಿದ್ದಕ್ಕೆ ದೋಣಿ ವಾಲಿ ನೀರು ಒಳಗೆ ಬಂತು. ತಾಂಡೇಲರು ಕೊಂಕಣಿಯಲ್ಲಿ ಏನೇನು ಬೈದರೋ, ಇಲ್ಲಿ ಹೇಳುವ ಹಾಗಿಲ್ಲ. ಇವನ ನಗು ಆಗಲೇ ನಿಂತಿತ್ತು. ಗೋವಾದ ನೀರು ಬೆಚ್ಚಗೇ ಇರುತ್ತದೆ ನಿಜ, ಆದರೆ ಅಂಚು ಹಿಡಿದು ನೇತಾಡುವ ಕೈ ಬೇಗ ಸೋಲುತ್ತದೆ.

ಕೊನೆಗೆ ಅವರು ಲಂಗರಿನ ಹಗ್ಗ ತೆಗೆದು ಒಂದು ಕುಣಿಕೆ ಕಟ್ಟಿ, ಮೊಣಕಾಲು ಮಟ್ಟಕ್ಕೆ ನೀರಿಗೆ ಇಳಿಬಿಟ್ಟು, ಇನ್ನೊಂದು ತುದಿಯನ್ನು ದೋಣಿಗೆ ಬಿಗಿದರು. ಕಾಲಿಡು ಅಂದರು. ಕುಣಿಕೆ ಉದ್ದವಾದರೆ ಕಾಲು ದೋಣಿಯ ಅಡಿಗೆ ಹೋಗಿ ಮನುಷ್ಯ ಮಲಗಿಬಿಡುತ್ತಾನೆ, ಅದಕ್ಕೇ ಗಿಡ್ಡ ಇರಬೇಕು. ನನ್ನನ್ನು ಎದುರು ಬದಿಗೆ ಕೂರಿಸಿದರು, ತೂಕ ಸರಿದೂಗಲಿ ಅಂತ. ಇವನನ್ನು ಒಮ್ಮೆ ಕೆಳಗೆ ಅದುಮಿ, ನೀರೇ ಮೇಲಕ್ಕೆ ತಳ್ಳುವ ಹೊತ್ತಿಗೆ ಎಳೆದರು. ದೊಡ್ಡ ಮೀನಿನ ಹಾಗೆ ದೊಪ್ಪೆಂದು ಒಳಗೆ ಬಿದ್ದ. ಬರೀ ಒಂದು ಹಗ್ಗ ಮಾರಾಯ್ರೇ!

ನನ್ನ ತಕರಾರು ಇಷ್ಟೇ. ನಮ್ಮಲ್ಲಿ ದೋಣಿ ಸುರಕ್ಷತೆ ಅಂದರೆ ಜಾಕೆಟ್, ಅಲ್ಲಿಗೆ ಮಾತು ಮುಗಿಯುತ್ತದೆ. 2024ರ ಡಿಸೆಂಬರ್ 18ರಂದು ಮುಂಬೈಯಲ್ಲಿ ಎಲಿಫೆಂಟಾಗೆ ಹೊರಟಿದ್ದ ನೀಲ್ ಕಮಲ್ ದೋಣಿಗೆ ನೌಕಾಪಡೆಯ ಸ್ಪೀಡ್ ಬೋಟ್ ಬಡಿದು ಹತ್ತಕ್ಕೂ ಹೆಚ್ಚು ಜನ ಸತ್ತರು. ಆಗಲೂ ಜಾಸ್ತಿ ಕೇಳಿದ್ದು ಜಾಕೆಟ್ ಮಾತೇ. ಬೇಕು, ಖಂಡಿತ ಬೇಕು, ಅದಿಲ್ಲದಿದ್ದರೆ ನಮ್ಮವನು ಅವತ್ತೇ ಮುಳುಗುತ್ತಿದ್ದ. ಆದರೆ ಜಾಕೆಟ್ ತೇಲಿಸುತ್ತದೆ ಅಷ್ಟೇ, ದೋಣಿಗೆ ಹತ್ತಿಸುವುದಿಲ್ಲ. ನಿಮ್ಮನ್ನು ಡಾಲ್ಫಿನ್ ನೋಡಲು ಕರೆದೊಯ್ಯುವ ದೋಣಿಯಲ್ಲಿ ಏಣಿ ಇದೆಯಾ? ಕೇಳಿದ್ದೀರಾ ಯಾವತ್ತಾದರೂ? ನಾನೂ ಕೇಳಿರಲಿಲ್ಲ.

ಇನ್ನೊಂದು, ಹಿಂದೆಯೇ ನೀರಿಗೆ ಹಾರುವ ಹೀರೋಗಳ ವಿಷಯ. ನಮ್ಮ ಜೊತೆಗಿದ್ದ ಅಂಕೋಲೆ ಹುಡುಗ ಚೆನ್ನಾಗಿ ಈಜುತ್ತಾನೆ, ಅಂಗಿ ಬಿಚ್ಚಿ ರೆಡಿ ಆಗಿದ್ದ. ಹಾರಿದ್ದರೆ ಏನಾಗುತ್ತಿತ್ತು? ಎತ್ತಬೇಕಾದವರು ಇಬ್ಬರು, ಎತ್ತುವವರು ಇಬ್ಬರು. ಒಬ್ಬನನ್ನೇ ಎತ್ತಲು ಮೂವರಿಗೆ ಉಸಿರು ಹೋಗಿತ್ತು! ಖಾಲಿ ಕ್ಯಾನ್, ಹಗ್ಗ, ಹುಟ್ಟು, ಕೈಗೆ ಸಿಕ್ಕಿದ್ದನ್ನು ಅವನ ಕಡೆ ಚಾಚಿ ಅಥವಾ ಎಸೆಯಿರಿ. ಬಿದ್ದವನು ಪ್ರಜ್ಞೆ ತಪ್ಪಿದ್ದರೆ ಮಾತು ಬೇರೆ, ಆಗಲೂ ಇಳಿಯುವವನ ಸೊಂಟಕ್ಕೆ ಹಗ್ಗ ಇರಲಿ. ಕೈ ಮೀರುತ್ತಿದೆ ಅನಿಸಿದರೆ ಕೋಸ್ಟ್ ಗಾರ್ಡ್ ನಂಬರ್ 1554, ದೋಣಿಯಲ್ಲಿ ವಿಎಚ್‌ಎಫ್ ರೇಡಿಯೋ (ಕಡಲಲ್ಲಿ ಮಾತಾಡುವ ಸೆಟ್) ಇದ್ದರೆ ಚಾನೆಲ್ 16. ಆಳು ಕಾಣದಾದ ಮೇಲೆ ಅಲ್ಲ, ಕಾಣುತ್ತಿರುವಾಗಲೇ ಕರೆಯಿರಿ.

ನಮ್ಮ ದೋಸ್ತ ಈಗಲೂ ಗಾಳ ಹಾಕಲು ಬರುತ್ತಾನೆ. ಬ್ಯಾಗಿನಲ್ಲಿ ಮೂರು ಕುಣಿಕೆ ಕಟ್ಟಿದ ಹಗ್ಗ ಇಟ್ಟುಕೊಂಡಿರುತ್ತಾನೆ. ಜೊತೆಗೆ ಮುಚ್ಚಳ ಇರುವ ಒಂದು ಡಬ್ಬಿ.