ಕಡಲಿಗೆ ಹೊರಟ ವ್ಯಾನ್, ಕೊಪ್ಪಳದ ಬಜಾರಿನ ರೊಟ್ಟಿ

ನಮಸ್ಕಾರ. ಈಗ ನೀವು ನೋಡುತ್ತಿರುವುದು ಕೊಪ್ಪಳದ ಜವಾಹರ ರಸ್ತೆ. ಅಂಗಡಿಗಳು ಒಂದೊಂದಾಗಿ ಬಾಗಿಲು ತೆಗೆಯುತ್ತಿವೆ. ಒಳಗೇ ಅಡುಗೆ ಮಾಡಿ ಮಲಗಬಹುದಾದ ನಮ್ಮ ಕ್ಯಾಂಪರ್ ವ್ಯಾನ್ ಈ ಸಂದಣಿಯೊಳಗೆ ಬರುವುದಿಲ್ಲ. ಅದನ್ನು ಹೊರಗೆ ನಿಲ್ಲಿಸಿ, ಕಡಲ ತೀರದ ಪ್ರಯಾಣಕ್ಕೆ ಸಾಮಾನು ಕೊಳ್ಳಲು ಚೀಲ ಹಿಡಿದು ನಡೆದು ಬಂದಿದ್ದೇವೆ. ನಾನು, ನಮ್ಮ ಯಜಮಾನರು, ಜೊತೆಗೆ ಅತ್ತೆ.

ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದರೆ ಅಂಕೋಲಾ. ಸುಮಾರು 250 ಕಿ.ಮೀ. ಅಲ್ಲಿಂದ 66ನೇ ಹೆದ್ದಾರಿ ಹಿಡಿದು ಗೋಕರ್ಣ, ಕುಮಟಾ, ಹೊನ್ನಾವರ ಅಂತ ಕಡಲ ಬದಿಯಲ್ಲೇ ಹೋಗುತ್ತೇವೆ. ಮಳೆಗಾಲ ಪೂರ್ತಿ ಮುಗಿಯಲಿ ಅಂತ ಕಾದಿದ್ದೆವು. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದದ್ದು ಇದೇ ಹೆದ್ದಾರಿಯಲ್ಲಿ. ಜೂನ್, ಜುಲೈ ತಿಂಗಳಲ್ಲಿ ಯಂತ್ರದ ದೋಣಿಗಳ ಮೀನುಗಾರಿಕೆಗೂ ನಿಷೇಧ ಇರುತ್ತದೆ. ಹಾಗಾಗಿ ಈ ದಾರಿಗೆ ಚಳಿಗಾಲವೇ ಸರಿ.

ದಾರಿಯಲ್ಲಿ ಹುಬ್ಬಳ್ಳಿಯಂಥ ದೊಡ್ಡ ಊರು ಇದೆಯಲ್ಲ, ಅಲ್ಲೇ ಸಾಮಾನು ತೆಗೆದುಕೊಳ್ಳಬಹುದಲ್ಲ ಅಂತ ಕೆಲವರು ಕೇಳಿದರು. ತೆಗೆದುಕೊಳ್ಳಬಹುದು. ಆದರೆ ಇಲ್ಲಿ ಯಾರ ರೊಟ್ಟಿ ಚೆನ್ನಾಗಿ ಒಣಗಿರುತ್ತದೆ, ಯಾರ ಶೇಂಗಾ ಚಟ್ನಿ ಅದೇ ವಾರ ಕುಟ್ಟಿದ್ದು ಅಂತ ನಮಗೆ ಗೊತ್ತು. ದಿನಗಟ್ಟಲೆ ವ್ಯಾನಿನಲ್ಲಿ ಇಟ್ಟುಕೊಂಡು ತಿನ್ನುವ ಪದಾರ್ಥಕ್ಕೆ ಆ ಗುರುತು ಬೇಕೇ ಬೇಕು.

ಮೊದಲು ಕಡಕ್ ರೊಟ್ಟಿ. ನಮ್ಮ ವ್ಯಾನಿನಲ್ಲಿ ಫ್ರಿಜ್ ಇಲ್ಲ. ಬಿಳಿ ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು, ಸುಟ್ಟು, ತೇವವೆಲ್ಲ ಹೋಗುವಂತೆ ಒಣಗಿಸಿರುತ್ತಾರೆ. ತೇವ ಇಲ್ಲದಿದ್ದರೆ ಬೂಷ್ಟು ಬರುವುದಿಲ್ಲ, ವಾರಗಟ್ಟಲೆ ಇರುತ್ತದೆ. ನಮ್ಮ ಬಯಲುಸೀಮೆಯ ಒಣ ಗಾಳಿಗೆ ಬಟ್ಟೆ ಸುತ್ತಿಟ್ಟರೂ ಸಾಕು. ಸಮುದ್ರದ ಕಡೆ ಹಾಗಲ್ಲ. ರೊಟ್ಟಿ ಮಾಡುವ ಅಮ್ಮನಿಗೆ ಎಲ್ಲಿಗೆ ಹೊರಟಿದ್ದೇವೆ ಅಂತ ಹೇಳಿದ ಕೂಡಲೇ ಅವರು ಕಟ್ಟಿದ ಕಟ್ಟನ್ನೇ ಬಿಚ್ಚಿದರು.

"ಅಲ್ಲಿ ಗಾಳಿ ಹಸಿ ಇರ್ತದವ್ವಾ. ಡಬ್ಬಿ ಬಾಯಿ ತೆರೆದಿಟ್ರ ಸಂಜಿಗೆ ಮೆತ್ತಗಾಗ್ತಾವ. ಸಣ್ಣ ಸಣ್ಣ ಕಟ್ಟು ಮಾಡಿಕೊಡ್ತೀನಿ. ಒಂದು ಮುಗಿದ ಮ್ಯಾಲೆ ಇನ್ನೊಂದು ಬಿಚ್ರಿ."

ಅತ್ತೆ ಅವರ ಪಕ್ಕದಲ್ಲೇ ಕೂತು, ಒಂದೊಂದೇ ರೊಟ್ಟಿ ಮುರಿದು ನೋಡಿ ಆರಿಸಿದರು. ಸಜ್ಜೆ ರೊಟ್ಟಿಯೂ ಒಂದಿಷ್ಟು, ಮೇಲೆ ಎಳ್ಳು ಹಚ್ಚಿದ್ದು. ಎಲ್ಲವೂ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹೋಗುತ್ತವೆ. ಮೆತ್ತಗಾದರೆ ಹೆಂಚಿನ ಮೇಲೆ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿದರೆ ಮತ್ತೆ ಗರಿಗರಿಯಾಗುತ್ತದೆ.

ರೊಟ್ಟಿ ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ. ಕೆಂಪು ಖಾರ ಒಂದು ಬಾಟಲಿ. ಮಂಡಕ್ಕಿ ದೊಡ್ಡ ಚೀಲ. ತೂಕ ಇಲ್ಲ, ಒಗ್ಗರಣೆಗೆ ಐದು ನಿಮಿಷ ಸಾಕು, ಗ್ಯಾಸ್ ಉಳಿಯುತ್ತದೆ. ಮೊದಲ ರಾತ್ರಿಗೆ ಎಣ್ಣೆಗಾಯಿ ಮಾಡಲು ಎಳೆ ಬದನೆಕಾಯಿ. ಕಾಯಿಪಲ್ಯ ಅಷ್ಟೇ.

ಅಕ್ಕಿ ಮಾತ್ರ ಸ್ವಲ್ಪವೇ ತೆಗೆದುಕೊಂಡೆ. ಗಂಗಾವತಿಯ ಸೋನಾ ಮಸೂರಿ ನಮ್ಮ ಜಿಲ್ಲೆಯ ಹೆಮ್ಮೆ, ತುಂಗಭದ್ರಾ ಕಾಲುವೆ ನೀರಿನಲ್ಲಿ ಬೆಳೆದದ್ದು. ಆದರೂ ಕರಾವಳಿಯಲ್ಲಿ ಕುಚ್ಚಲಕ್ಕಿ ಸಿಗುತ್ತದೆ. ತೆಂಗಿನಕಾಯಿ, ಮೀನು, ಕೋಕಂ ಎಲ್ಲ ಅಲ್ಲಿಯದೇ ಚೆಂದ. ಉಪ್ಪು ಸಹ ಅಲ್ಲೇ. ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಉಪ್ಪಿನ ಗದ್ದೆಗಳಿವೆ. ಆ ಊರುಗಳಿಗೆ ಹೋಗಿ ಅಲ್ಲಿನ ಅಂಗಡಿಯಲ್ಲಿ ನಾಲ್ಕು ಕಾಸು ಖರ್ಚು ಮಾಡದೆ ಬರುವುದು ನನಗೆ ಸರಿ ಅನಿಸುವುದಿಲ್ಲ. ಅದಕ್ಕೇ ಒಂದು ಕಪಾಟು ಪೂರ್ತಿ ಖಾಲಿ ಬಿಟ್ಟಿದ್ದೇನೆ.

ಈಗ ಗ್ಯಾಸ್. ದಯವಿಟ್ಟು ಇದನ್ನು ಗಮನವಿಟ್ಟು ಕೇಳಿ. ನಮ್ಮದು 5 ಕೆಜಿಯ ಸಣ್ಣ ಸಿಲಿಂಡರ್. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದಲ್ಲೇ ಕೂರುತ್ತದೆ. ವ್ಯಾನಿನಲ್ಲಿ ನಾವು ಮಲಗುವುದೂ ನೆಲಕ್ಕೆ ಹತ್ತಿರವೇ ಅಲ್ವಾ? ಅದಕ್ಕೆ ಸಿಲಿಂಡರ್ ಇಡುವ ಜಾಗದ ತಳದಲ್ಲಿ ಗಾಳಿ ಹೊರಹೋಗುವ ಕಿಂಡಿ ಇರಲೇಬೇಕು. ಹೊರಡುವ ಮುಂಚೆ ಪೈಪಿನ ಜೋಡಣೆಗೆ ಸೋಪಿನ ನೀರು ಹಚ್ಚಿ ನೋಡಿದೆವು. ಗುಳ್ಳೆ ಬಂದರೆ ಸೋರುತ್ತಿದೆ ಅಂತ ಅರ್ಥ. ನಮ್ಮದರಲ್ಲಿ ಬರಲಿಲ್ಲ. ಆದರೂ ಹೊಸ ಪೈಪ್ ಹಾಕಿಸಿದೆವು.

ನೀರು ಶುದ್ಧ ನೀರಿನ ಘಟಕದಲ್ಲಿ ತುಂಬಿಸಿದೆವು. ನಮ್ಮ ಜಿಲ್ಲೆಯ ಎಷ್ಟೋ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ, ಕುಡಿಯಲು ಅದು ಬೇಡ. 20 ಲೀಟರಿನ ಎರಡೇ ಕ್ಯಾನ್. ಟ್ಯಾಂಕ್ ತುಂಬಿಸಲಿಲ್ಲ. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ. ಟ್ಯಾಂಕ್ ತುಂಬಿಕೊಂಡು ಅರಬೈಲಿನ ತಿರುವುಗಳಲ್ಲಿ ಇಳಿದರೆ ಬ್ರೇಕ್ ಮೇಲೆ ಸುಮ್ನೆ ಭಾರ. ಕೆಳಗೆ ಇಳಿದ ಮೇಲೆ ತುಂಬಿಸಿದರಾಯಿತು.

ಉಳಿದದ್ದು ಸಣ್ಣಪುಟ್ಟ ಸಾಮಾನು. ನೈಲಾನ್ ಹಗ್ಗ, ಬಾಗಿಲ ಕೀಲುಗಳಿಗೆ ಹಚ್ಚಲು ಗ್ರೀಸ್, ಓಆರ್‌ಎಸ್ ಪುಡಿ. ಆಮೇಲೆ ಸ್ಟೇಷನರಿ ಅಂಗಡಿಯಲ್ಲಿ ಕೆಂಪು ಜಿಲೆಟಿನ್ ಪೇಪರ್. ಇದು ಟಾರ್ಚಿನ ಬಾಯಿಗೆ ಕಟ್ಟಲು. ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಆಮೆಗಳು ಉತ್ತರ ಕನ್ನಡದ ಮರಳಿಗೆ ಬಂದು ಮೊಟ್ಟೆ ಇಡುತ್ತವೆ. ಬಿಳಿ ಬೆಳಕು ಬಿದ್ದರೆ ಅವು ಗಲಿಬಿಲಿಯಾಗುತ್ತವೆ. ಮರಿಗಳು ಕಡಲು ಬಿಟ್ಟು ದೀಪದ ಕಡೆ ಹೋಗಿಬಿಡುತ್ತವೆ. ವ್ಯಾನನ್ನು ಮರಳಿಗೆ ಇಳಿಸುವುದಂತೂ ಬೇಡವೇ ಬೇಡ.

ಸಾಮಾನು ಜೋಡಿಸಿ ಆಯಿತು. ಭಾರದ್ದೆಲ್ಲ ಕೆಳಗೆ, ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ. ಮಂಡಕ್ಕಿ, ರೊಟ್ಟಿ, ಹಾಸಿಗೆ ಮೇಲೆ. ಎಲ್ಲ ತುಂಬಿದ ಮೇಲೆ ಟೈರಿನ ಗಾಳಿ ನೋಡಿಸಿದೆವು, ಖಾಲಿ ವ್ಯಾನಿನ ಲೆಕ್ಕ ತುಂಬಿದ ವ್ಯಾನಿಗೆ ಆಗುವುದಿಲ್ಲ. ಡೀಸೆಲ್ ಹಾಕಿಸಿದ್ದೂ ಆಯಿತು. ಅತ್ತೆ ಕಿಟಕಿ ಪಕ್ಕ ಕೂತಿದ್ದಾರೆ, ರೊಟ್ಟಿ ಡಬ್ಬಿ ಅವರ ಕೈಗೆ ಸಿಗುವಷ್ಟು ಹತ್ತಿರದಲ್ಲೇ ಇದೆ. ಗದಗ ರಸ್ತೆ ಹಿಡಿಯುತ್ತಿದ್ದೇವೆ. ಘಟ್ಟ ಇಳಿಯುವುದನ್ನು ಮುಂದಿನ ಭಾಗದಲ್ಲಿ ತೋರಿಸುತ್ತೇನೆ.