ಮೊದಲು ಡ್ರಮ್ಮಿನ ತಳ ನೋಡಿ

ಎಲ್ಲರಿಗೂ ನಮಸ್ಕಾರ. ಕೋಲಾರದಲ್ಲಿ 31 ವರ್ಷ ಪಿಯುಸಿ ಮತ್ತು ಡಿಗ್ರಿ ಮಕ್ಕಳಿಗೆ ಗಣಿತ ಹೇಳಿಕೊಟ್ಟಿದ್ದೇನೆ. ಈಗ ರೇಡಿಯೊ ಹತ್ತಿರ ಯಾರು ಕೂತಿರಬಹುದು ಅನ್ನುವ ಅಂದಾಜು ನನಗಿದೆ. ಬಂಗಾರಪೇಟೆ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಸಿಇಟಿಗೆ ಓದುತ್ತಿರುವ ಮಕ್ಕಳು ಇದ್ದೀರಿ. ಒಳಗೆ ಅಡುಗೆಮನೆಯಲ್ಲಿ ನಿಮ್ಮ ಅಮ್ಮಂದಿರೂ ಕೇಳುತ್ತಿರಬಹುದು. ಅಮ್ಮಂದಿರೇ, ಗಣಿತ ಅಂತ ರೇಡಿಯೊ ಆಫ್ ಮಾಡಬೇಡಿ. ಇವತ್ತಿನ ಲೆಕ್ಕ ಡ್ರಮ್ಮಿಗೆ ನೀರು ಹಿಡಿದವರಿಗೆ ಎಲ್ಲರಿಗಿಂತ ಬೇಗ ಅರ್ಥವಾಗುತ್ತದೆ. ಮಕ್ಕಳೇ, ನೀವು ಒಂದು ಪೆನ್ಸಿಲ್, ಒಂದು ಹಳೇ ನೋಟ್‌ಬುಕ್ ತಗೊಂಡು ಕೂತ್ಕೊಳ್ಳಿ. ಬರೆಯದೆ ಗಣಿತ ಕೇಳಿದರೆ ಕಿವಿಗೆ ಹೋಗುತ್ತದೆ, ತಲೆಗೆ ಹೋಗುವುದಿಲ್ಲ.

ವಿಷಯ ನೀವೆಲ್ಲ ಎಲ್ ಹಾಸ್ಪಿಟಲ್ ರೂಲ್ ಅಂತ ಕರೆಯುವ ನಿಯಮ. ಇದಕ್ಕೂ ಆಸ್ಪತ್ರೆಗೂ ಏನೂ ಸಂಬಂಧವಿಲ್ಲ. ಅದು ಒಬ್ಬ ಫ್ರೆಂಚ್ ಗಣಿತಜ್ಞರ ಹೆಸರು. ಅವರ ಕಡೆ ಲೋಪಿಟಾಲ್ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ.

ಒಂದು ಲೆಕ್ಕ ಬರೆದುಕೊಳ್ಳಿ. ಮೇಲೆ ಎಕ್ಸ್ ಸ್ಕ್ವೇರ್ ಮೈನಸ್ 1. ಕೆಳಗೆ ಎಕ್ಸ್ ಮೈನಸ್ 1. ಎಕ್ಸ್ 1ರ ಹತ್ತಿರ ಹೋದಾಗ ಇದರ ಲಿಮಿಟ್ ಎಷ್ಟು, ಅಂದರೆ ಬೆಲೆ ಯಾವುದರ ಕಡೆಗೆ ಹೋಗುತ್ತದೆ? ಎಕ್ಸ್ ಜಾಗದಲ್ಲಿ 1 ಹಾಕಿದರೆ ಮೇಲೂ ಸೊನ್ನೆ, ಕೆಳಗೂ ಸೊನ್ನೆ. ಸೊನ್ನೆ ಬೈ ಸೊನ್ನೆ. ಇಲ್ಲಿಗೆ ಬಂದ ತಕ್ಷಣ ಅರ್ಧ ಕ್ಲಾಸು ಉತ್ತರ ಸೊನ್ನೆ ಅನ್ನುತ್ತದೆ, ಉಳಿದ ಅರ್ಧ ಒಂದು ಅನ್ನುತ್ತದೆ. ಎರಡೂ ಅಲ್ಲ. 1.1 ಹಾಕಿ ನೋಡಿ, 2.1 ಬರುತ್ತದೆ. 1.01 ಹಾಕಿ, 2.01. 1.001 ಹಾಕಿ, 2.001. ಹೋಗುತ್ತಿರುವುದು 2ರ ಕಡೆಗೆ. ಸೊನ್ನೆ ಬೈ ಸೊನ್ನೆ ಅನ್ನುವುದು ಉತ್ತರವೇ ಅಲ್ಲ. ಇನ್ನೂ ಒಳಗೆ ಹೋಗಿ ನೋಡು ಅಂತ ಲೆಕ್ಕ ನಮಗೆ ಹೇಳುತ್ತಿದೆ, ಅಷ್ಟೇ.

ಒಳಗೆ ಹೋಗುವುದು ಹೇಗೆ? ಮೇಲಿನದನ್ನು ಬೇರೆ ಡಿಫರೆನ್ಷಿಯೇಟ್ ಮಾಡಿ, ಅಂದರೆ ಅದು ಬದಲಾಗುವ ವೇಗ ಕಂಡುಹಿಡಿಯಿರಿ, 2 ಎಕ್ಸ್. ಕೆಳಗಿನದನ್ನು ಬೇರೆ ಮಾಡಿ, 1. ಈಗ ಎಕ್ಸ್‌ಗೆ 1 ಹಾಕಿ. 2 ಬೈ 1, ಉತ್ತರ 2. ಇಷ್ಟೇ ಲೋಪಿಟಾಲ್ ನಿಯಮ. ಎರಡು ನಿಮಿಷದಲ್ಲಿ ಕಲಿಯಬಹುದು, ಎಲ್ಲರೂ ಕಲಿತಿರುತ್ತೀರಿ. ಆದರೆ ಇದನ್ನು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಅನ್ನುವುದನ್ನು ಮಾತ್ರ ಯಾರೂ ನೋಡುವುದಿಲ್ಲ. ಅದಕ್ಕೇ ನಾನು ಇವತ್ತು ಬಂದಿರುವುದು.

ಯಾಕೆ ಈ ನಿಯಮ ಕೆಲಸ ಮಾಡುತ್ತದೆ? ಇದಕ್ಕೆ ನಮ್ಮ ಮನೆ ಗೇಟಿನ ಹತ್ತಿರ ನಡೆದ ಒಂದು ಸಂಗತಿ ಹೇಳಬೇಕು.

ಏಪ್ರಿಲ್ ತಿಂಗಳು. ನಮ್ಮ ಬೀದಿಯ ಬೋರ್ ಬತ್ತಿಹೋಗಿತ್ತು, ಮನೆಮನೆಗೂ ಟ್ಯಾಂಕರ್ ಹಾಕಿಸಿಕೊಳ್ಳುತ್ತಿದ್ದ ಕಾಲ. ಬೆಳಿಗ್ಗೆ ಆರಕ್ಕೆ ಬರಬೇಕಿದ್ದ ಟ್ಯಾಂಕರ್ ಒಂಬತ್ತೂವರೆಗೆ ಬಂತು. ಅದೇ ಹೊತ್ತಿಗೆ ಸೆಕೆಂಡ್ ಪಿಯು ಓದುತ್ತಿದ್ದ ಒಬ್ಬ ಹುಡುಗ, ಮಾಲೂರು ಕಡೆಯವನು, ಡೌಟ್ ಕೇಳೋಕೆ ನೋಟ್‌ಬುಕ್ ಹಿಡಿದು ಬಂದ. ಗೇಟಿನ ಪಕ್ಕ ಎರಡು ನೀಲಿ ಡ್ರಮ್ಮು ಇಟ್ಟಿದ್ದೆ, ಒಂದೊಂದೂ 200 ಲೀಟರ್ ಹಿಡಿಯುವಂಥದ್ದು. ಟ್ಯಾಂಕರಿಂದ ಒಂದು ದಪ್ಪ ಪೈಪು, ಜೊತೆಗೆ ನಾವು ಗಿಡಕ್ಕೆ ನೀರು ಬಿಡುವ ತೆಳ್ಳಗಿನ ಹಸಿರು ಪೈಪು. ಅದರ ಬಾಯಿ ಟ್ಯಾಂಕರಿನ ನಲ್ಲಿಗೆ ಸರಿಯಾಗಿ ಕೂರುತ್ತಿರಲಿಲ್ಲ, ಹಳೇ ಸೀರೆ ತುಂಡು ಸುತ್ತಿ ಬಿಗಿದಿದ್ದೆ.

ಹುಡುಗ ಕೇಳಿದ. "ಮೇಡಂ, ಸೊನ್ನೆ ಬೈ ಸೊನ್ನೆ ಬಂದ್ರೆ ಮೇಲೂ ಕೆಳಗೂ ಡಿಫರೆನ್ಷಿಯೇಟ್ ಮಾಡಿ ಅಂತಾರೆ. ಮಾಡಿದ್ರೆ ಉತ್ತರಾನೂ ಬರುತ್ತೆ. ಆದ್ರೆ ಯಾಕೆ ಬರುತ್ತೆ?"

ಎಂಥ ಒಳ್ಳೆಯ ಪ್ರಶ್ನೆ ನೋಡಿ. ವರ್ಷಕ್ಕೆ ಒಬ್ಬರು ಇದನ್ನು ಕೇಳಿದರೆ ಜಾಸ್ತಿ. "ಈ ಪೈಪು ಹಿಡ್ಕೊಳಪ್ಪಾ, ಹೇಳ್ತೀನಿ" ಅಂದೆ.

ಮೊದಲು 10 ಲೀಟರಿನ ಬಕೆಟ್ ಇಟ್ಟು ಅವನ ವಾಚು ನೋಡಿ ಅಳೆದೆವು. ದಪ್ಪ ಪೈಪಿಗೆ ಬಕೆಟ್ ತುಂಬೋಕೆ 20 ಸೆಕೆಂಡ್ ಹಿಡಿಯಿತು. ಅಂದರೆ ನಿಮಿಷಕ್ಕೆ 30 ಲೀಟರ್. ಹಸಿರು ಪೈಪಿಗೆ ಸರಿಯಾಗಿ ಒಂದು ನಿಮಿಷ ಬೇಕಾಯಿತು. ಅಂದರೆ ನಿಮಿಷಕ್ಕೆ 10 ಲೀಟರ್.

"ಈಗ ಎರಡೂ ಡ್ರಮ್ಮು ಖಾಲಿ ಅಂದ್ಕೊ. ಎರಡೂ ಪೈಪು ಒಟ್ಟಿಗೇ ಬಿಡ್ತೀವಿ. ಒಂದು ನಿಮಿಷ ಆದ್ಮೇಲೆ?" ಅಂತ ಕೇಳಿದೆ. ಇದರಲ್ಲಿ 30, ಅದರಲ್ಲಿ 10, ಮೂರು ಪಟ್ಟು ಅಂದ. ಆರು ಸೆಕೆಂಡಿಗೆ? 3 ಲೀಟರ್, 1 ಲೀಟರ್, ಆಗಲೂ ಮೂರು ಪಟ್ಟು. ಒಂದೇ ಸೆಕೆಂಡಿಗೆ? ಅರ್ಧ ಲೀಟರ್, ಒಂದು ಲೀಟರಿನ ಆರನೇ ಒಂದು ಭಾಗ. ಆಗಲೂ ಮೂರೇ. "ಸರಿ, ಪೈಪು ಬಿಟ್ಟ ಆ ಕ್ಷಣದಲ್ಲಿ?" ಹುಡುಗ ಸುಮ್ಮನಾದ. ಆ ಕ್ಷಣದಲ್ಲಿ ಎರಡರಲ್ಲೂ ನೀರಿಲ್ಲ. ಸೊನ್ನೆ ಬೈ ಸೊನ್ನೆ. ನೀರು ಅಳೆದು ಹೇಳೋಕೆ ಆಗುವುದಿಲ್ಲ. ಆದರೆ ಪೈಪಿನ ವೇಗ ಗೊತ್ತಿದೆಯಲ್ಲ! 30 ಬೈ 10, ಮೂರು. ಡೆರಿವೇಟಿವ್ ಅಂದರೆ ವೇಗ. ನೀರು ಇಲ್ಲದ ಕಡೆ ವೇಗವನ್ನು ಕೇಳುವುದೇ ಲೋಪಿಟಾಲ್ ನಿಯಮ.

ಅವನು ಅಷ್ಟಕ್ಕೇ ಬಿಡಲಿಲ್ಲ. "ಟ್ಯಾಂಕರ್ ಖಾಲಿ ಆಗ್ತಾ ಆಗ್ತಾ ಪೈಪಿನ ಫೋರ್ಸ್ ಕಮ್ಮಿ ಆಗುತ್ತಲ್ವಾ ಮೇಡಂ, ಆಮೇಲೆ ಮೂರು ಪಟ್ಟು ಇರುತ್ತಾ?" ಇರಲಿ ಬಿಡಲಿ, ಆಮೇಲೆ ಏನು ಬೇಕಾದರೂ ಆಗಲಿ. ಲಿಮಿಟ್ ಕೇಳುತ್ತಿರುವುದು ಶುರುವಿನ ಹತ್ತಿರದ ಮಾತು. ಅಲ್ಲಿ ಪೈಪಿಗೆ ಎಷ್ಟು ಫೋರ್ಸ್ ಇತ್ತು ಅನ್ನುವುದಷ್ಟೇ ನಮಗೆ ಬೇಕು. ಅದಕ್ಕೇ ಡೆರಿವೇಟಿವ್ ಕಂಡುಹಿಡಿದ ಮೇಲೆ ಆ ಜಾಗದ ಬೆಲೆಯನ್ನೇ ಹಾಕುತ್ತೇವೆ, ಬೇರೆ ಜಾಗದ್ದಲ್ಲ.

ಈಗ ಕೇಳಿ, ಮುಖ್ಯವಾದದ್ದು ಇನ್ನು ಮುಂದೆ ಬರುತ್ತದೆ. ಎರಡೂ ಪೈಪು ಡ್ರಮ್ಮಿಗೆ ಹಾಕಿ ಇನ್ನೇನು ಬಿಡಬೇಕು, ಟ್ಯಾಂಕರ್ ಡ್ರೈವರ್ ಎರಡನೇ ಡ್ರಮ್ಮಿನೊಳಗೆ ಬಗ್ಗಿ ನೋಡಿ, "ಅಮ್ಮಾ, ಇದರಲ್ಲಿ ಹಳೇ ನೀರಿದೆ, ಚೆಲ್ಲಿಬಿಡ್ಲಾ?" ಅಂತ ಕೇಳಿದರು. ಹಿಂದಿನ ಸಲದ್ದು ಎರಡು ಬಕೆಟ್, ಅಂದರೆ 20 ಲೀಟರ್ ಉಳಿದಿತ್ತು. ಏಪ್ರಿಲ್‌ನಲ್ಲಿ ಕೋಲಾರದಲ್ಲಿ ಯಾರಾದರೂ ನೀರು ಚೆಲ್ಲುತ್ತಾರಾ? ಬೇಡಪ್ಪಾ, ಅದರ ಮೇಲೇ ಬಿಡಿ ಅಂದೆ. ಬಿಟ್ಟರು. ಒಂದು ನಿಮಿಷ ಆಯಿತು, ನಿಲ್ಲಿಸಿ ನೋಡಿದೆವು. ಮೊದಲನೇ ಡ್ರಮ್ಮಿನಲ್ಲಿ 30 ಲೀಟರ್. ಎರಡನೆಯದರಲ್ಲಿ 20 ಮತ್ತು 10, ಅದೂ 30. ಎರಡೂ ಒಂದೇ ಮಟ್ಟ! ಹುಡುಗ ಒಂದು ಡ್ರಮ್ಮು ನೋಡುತ್ತಾನೆ, ಇನ್ನೊಂದು ನೋಡುತ್ತಾನೆ. "ಮೂರು ಪಟ್ಟು ಬರಬೇಕಿತ್ತಲ್ಲ ಮೇಡಂ?"

ವೇಗ ಬದಲಾಗಿಲ್ಲ, ಪೈಪೂ ಅದೇ. ಬದಲಾಗಿದ್ದು ಡ್ರಮ್ಮಿನ ತಳ. ತಳದಲ್ಲಿ ಮೊದಲೇ ನೀರಿದ್ದರೆ ವೇಗದ ಲೆಕ್ಕ ನಡೆಯುವುದಿಲ್ಲ. ಶುರುವಿನಲ್ಲಿ ನಿಜವಾಗಿ ಇದ್ದದ್ದು ಸೊನ್ನೆ ಬೈ 20, ಅಂದರೆ ಸೊನ್ನೆ. ವೇಗ ಭಾಗಿಸಿ ಮೂರು ಅಂದಿದ್ದರೆ ಪೂರ್ತಿ ತಪ್ಪು. ಆ ಹುಡುಗ ಅವತ್ತು ತನ್ನ ನೋಟ್‌ಬುಕ್ಕಿನ ಮೇಲೆ ದಪ್ಪಕ್ಷರದಲ್ಲಿ "ತಳ ನೋಡು" ಅಂತ ಬರೆದುಕೊಂಡ. ನೀವೂ ಈಗಲೇ ಬರೆದುಕೊಳ್ಳಿ. ಮೊದಲು ತಳ ನೋಡಿ, ಆಮೇಲೆ ಡಿಫರೆನ್ಷಿಯೇಟ್ ಮಾಡಿ.

ಇದನ್ನು ಲೆಕ್ಕದಲ್ಲಿ ನೋಡೋಣ. ಮೇಲೆ ಎಕ್ಸ್ ಸ್ಕ್ವೇರ್ ಪ್ಲಸ್ 1, ಕೆಳಗೆ ಎಕ್ಸ್ ಪ್ಲಸ್ 1, ಎಕ್ಸ್ ಹೋಗುವುದು 1ರ ಕಡೆಗೆ. ಕೈ ತುರಿಸುತ್ತಿರುತ್ತದೆ, ತಕ್ಷಣ 2 ಎಕ್ಸ್ ಬೈ 1, ಉತ್ತರ 2 ಅಂತ ಟಿಕ್ ಹಾಕಿಬಿಡುತ್ತೀರಿ. ತಳ ನೋಡಿದಿರಾ? 1 ಹಾಕಿದರೆ ಮೇಲೆ 2, ಕೆಳಗೆ 2. ಎರಡು ಡ್ರಮ್ಮಿನಲ್ಲೂ ನೀರಿದೆ. ಉತ್ತರ 1. ಪ್ರಶ್ನೆಪತ್ರಿಕೆ ಮಾಡುವವರಿಗೆ ನಿಮ್ಮ ಅಭ್ಯಾಸ ಚೆನ್ನಾಗಿ ಗೊತ್ತಿರುತ್ತದೆ, ಆ ತಪ್ಪು 2 ಕೂಡ ನಾಲ್ಕು ಆಯ್ಕೆಗಳಲ್ಲಿ ಒಂದಾಗಿ ಕೂತಿರುತ್ತದೆ. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಟೈಮ್ ಇಲ್ಲ ಅನ್ನುತ್ತೀರಿ. ಬೆಲೆ ಹಾಕಿ ನೋಡೋಕೆ ಮೂರು ಸೆಕೆಂಡ್ ಸಾಕು. ಶಾರ್ಟ್‌ಕಟ್ ಅಂತ ಈ ನಿಯಮವನ್ನು ಕಲಿಸಿ, ತಳ ನೋಡುವುದನ್ನು ಕಲಿಸದೆ ಬಿಡುವವರ ಮೇಲೆ ನನಗೆ ನಿಜವಾಗಲೂ ಬೇಸರವಿದೆ. ಮಕ್ಕಳು ಮಾರ್ಕ್ಸ್ ಕಳೆದುಕೊಳ್ಳುವುದು ಇಲ್ಲೇ.

ಇನ್ನೊಂದು ತಪ್ಪು. ಭಾಗಾಕಾರ ಕಂಡ ತಕ್ಷಣ ಕೆಲವರು ಯು ಬೈ ವಿ ಸೂತ್ರ, ಅಂದರೆ ಇಡೀ ಭಾಗಾಕಾರವನ್ನು ಒಟ್ಟಿಗೇ ಡಿಫರೆನ್ಷಿಯೇಟ್ ಮಾಡುವ ಸೂತ್ರ ಹಾಕುತ್ತಾರೆ. ಬೇಡ! ದಪ್ಪ ಪೈಪಿನ ವೇಗ ಬೇರೆ, ಹಸಿರು ಪೈಪಿನ ವೇಗ ಬೇರೆ. ಒಂದೊಂದನ್ನೂ ಅದರದರ ಪಾಡಿಗೆ ಡಿಫರೆನ್ಷಿಯೇಟ್ ಮಾಡಿ, ಆಮೇಲೆ ಭಾಗಿಸಿ.

ಕೆಲವು ಸಲ ವೇಗವೂ ಸೊನ್ನೆ ಬೈ ಸೊನ್ನೆ ಆಗುತ್ತದೆ. ನಲ್ಲಿಯನ್ನು ನಿಧಾನಕ್ಕೆ ತಿರುಗಿಸುತ್ತಾ ಬಿಟ್ಟರೆ ಶುರುವಿನಲ್ಲಿ ನೀರೂ ಇಲ್ಲ, ವೇಗವೂ ಇಲ್ಲ ಅಲ್ವಾ, ಹಾಗೆ. ಉದಾಹರಣೆಗೆ ಮೇಲೆ 1 ಮೈನಸ್ ಕಾಸ್ ಎಕ್ಸ್, ಕೆಳಗೆ ಎಕ್ಸ್ ಸ್ಕ್ವೇರ್, ಎಕ್ಸ್ ಸೊನ್ನೆಯ ಕಡೆಗೆ. ತಳ ನೋಡಿದಿರಿ, ಸೊನ್ನೆ ಬೈ ಸೊನ್ನೆ. ಒಂದು ಸಲ ಮಾಡಿದರೆ ಸೈನ್ ಎಕ್ಸ್ ಬೈ 2 ಎಕ್ಸ್. ಮತ್ತೆ ತಳ ನೋಡಿ, ಇದೂ ಸೊನ್ನೆ ಬೈ ಸೊನ್ನೆ. ಇನ್ನೊಂದು ಸಲ ಮಾಡಿ. ಕಾಸ್ ಎಕ್ಸ್ ಬೈ 2, ಸೊನ್ನೆ ಹಾಕಿದರೆ ಅರ್ಧ. ಮುಗಿಯಿತು, ಪೆನ್ಸಿಲ್ ಕೆಳಗಿಡಿ.

ಎಲ್ಲಿ ನಿಲ್ಲಿಸಬೇಕು ಅನ್ನುವುದಕ್ಕೂ ಅದೇ ಮಾತು, ಪ್ರತಿ ಸಲವೂ ತಳ ನೋಡಿ. ಮೇಲೆ ಇ ಪವರ್ ಎಕ್ಸ್ ಮೈನಸ್ 1, ಕೆಳಗೆ ಎಕ್ಸ್ ಸ್ಕ್ವೇರ್ ಪ್ಲಸ್ ಎಕ್ಸ್, ಎಕ್ಸ್ ಸೊನ್ನೆಯ ಕಡೆಗೆ. ಒಂದು ಸಲ ಮಾಡಿದರೆ ಇ ಪವರ್ ಎಕ್ಸ್ ಬೈ 2 ಎಕ್ಸ್ ಪ್ಲಸ್ 1. ಸೊನ್ನೆ ಹಾಕಿ, 1 ಬೈ 1, ಉತ್ತರ 1. ಇಲ್ಲಿ ನಿಲ್ಲದೆ ಹುರುಪಿನಲ್ಲಿ ಇನ್ನೊಂದು ಸಲ ಮಾಡಿದವರಿಗೆ ಅರ್ಧ ಬರುತ್ತದೆ. ಡ್ರಮ್ಮಿಗೆ ನೀರು ಬಂದಾಗಿದೆ, ಮತ್ಯಾಕೆ ವೇಗ ಕೇಳುತ್ತೀರಿ?

ಸಮಯ ಕಡಿಮೆ ಇದೆ ಅಂತ ಇಲ್ಲಿ ಸನ್ನೆ ಮಾಡುತ್ತಿದ್ದಾರೆ, ಬೇಗ ಹೇಳುತ್ತೇನೆ. ಈ ನಿಯಮ ಮೊದಲು ಅಚ್ಚಾಗಿದ್ದು 1696ರಲ್ಲಿ, ಪ್ಯಾರಿಸ್‌ನಲ್ಲಿ ಲೋಪಿಟಾಲ್ ಹೊರತಂದ ಕ್ಯಾಲ್ಕುಲಸ್ ಪಠ್ಯಪುಸ್ತಕದಲ್ಲಿ. ಆದರೆ ನಿಯಮ ಕಂಡುಹಿಡಿದವರು ಅವರ ಮೇಷ್ಟ್ರು, ಸ್ವಿಟ್ಜರ್ಲೆಂಡಿನ ಯೊಹಾನ್ ಬರ್ನೂಲಿ. 1694ರಲ್ಲಿ ಲೋಪಿಟಾಲ್ ಈ ಬರ್ನೂಲಿಗೆ ಕಾಗದ ಬರೆದು, ವರ್ಷಕ್ಕೆ 300 ಲಿವ್ರ್ (ಆಗಿನ ಫ್ರೆಂಚ್ ಹಣ) ಕೊಡುತ್ತೇನೆ, ಹೊಸದಾಗಿ ಕಂಡುಹಿಡಿದದ್ದನ್ನು ನನಗೆ ತಿಳಿಸಿ, ಬೇರೆಯವರಿಗೆ ಹೇಳಬೇಡಿ ಅಂತ ಕೇಳಿಕೊಂಡಿದ್ದರು. ಪುಸ್ತಕದ ಮುನ್ನುಡಿಯಲ್ಲಿ ಬರ್ನೂಲಿಯವರ ಋಣವನ್ನು ಒಪ್ಪಿಕೊಂಡಿದ್ದಾರೆ, ಇದು ಇಂಥವರದು ಅಂತ ಬಿಡಿಸಿ ಹೇಳಿಲ್ಲ. 1704ರಲ್ಲಿ ಲೋಪಿಟಾಲ್ ತೀರಿಕೊಂಡ ಮೇಲೆ ಬರ್ನೂಲಿ ಇದು ನನ್ನದು ಅಂದರು, ಆಗ ಪೂರ್ತಿ ನಂಬಿದವರು ಕಮ್ಮಿ. ಆ ಕಾಗದ ಅಚ್ಚಾಗಿ ಎಲ್ಲರ ಕೈಗೆ ಸಿಕ್ಕಿದ್ದು 1955ರಲ್ಲಿ. ಹೆಸರು ಮಾತ್ರ ಬದಲಾಗಲಿಲ್ಲ.

ಇನ್‌ಫಿನಿಟಿ ಬೈ ಇನ್‌ಫಿನಿಟಿ ಬಂದರೂ ಇದೇ ನಿಯಮ ನಡೆಯುತ್ತದೆ. ಲಾಗ್ ಎಕ್ಸ್ ಬೈ ಎಕ್ಸ್, ಎಕ್ಸ್ ಬೆಳೆಯುತ್ತಾ ಹೋದಾಗ, ಒಂದು ಸಲ ಮಾಡಿದರೆ 1 ಬೈ ಎಕ್ಸ್, ಉತ್ತರ ಸೊನ್ನೆ. ಇದರ ಬಗ್ಗೆ ಇನ್ನೂ ಹೇಳುವುದಿತ್ತು, ಟೈಮ್ ಇಲ್ಲ.

ಕೊನೆಗೆ ಮೂರು ಲೆಕ್ಕ ಕೊಡುತ್ತೇನೆ, ನಿಧಾನಕ್ಕೆ ಹೇಳುತ್ತೇನೆ, ಬರೆದುಕೊಳ್ಳಿ. ಒಂದನೆಯದು, ಮೇಲೆ ಎಕ್ಸ್ ಪ್ಲಸ್ 4, ಅದರ ಪೂರ್ತಿಯ ವರ್ಗಮೂಲ, ಅದರಲ್ಲಿ 2 ಕಳೆಯಿರಿ, ಕೆಳಗೆ ಎಕ್ಸ್, ಎಕ್ಸ್ ಸೊನ್ನೆಯ ಕಡೆಗೆ. ಎರಡನೆಯದು, ಮೇಲೆ ಕಾಸ್ ಎಕ್ಸ್, ಕೆಳಗೆ ಎಕ್ಸ್ ಪ್ಲಸ್ 1, ಇದೂ ಸೊನ್ನೆಯ ಕಡೆಗೆ. ಮೂರನೆಯದು, ಮೇಲೆ ಎಕ್ಸ್ ಕ್ಯೂಬ್ ಮೈನಸ್ 8, ಕೆಳಗೆ ಎಕ್ಸ್ ಮೈನಸ್ 2, ಎಕ್ಸ್ 2ರ ಕಡೆಗೆ. ಈ ಮೂರರಲ್ಲಿ ಒಂದರ ತಳದಲ್ಲಿ ಆಗಲೇ ನೀರಿದೆ. ಯಾವುದು ಅಂತ ನಾನು ಹೇಳುವುದಿಲ್ಲ, ಬಗ್ಗಿ ನೋಡಿ. ನಮಸ್ಕಾರ.